ಮನೋವಾರ್ಡಿನ ಸೆಕ್ಯುರಿಟಿ ಗಾರ್ಡ್‌ಗೆ ಬೇಕಾದದ್ದು ತೋಳ್ಬಲವೇ?

ಮಾನಸಿಕ ಆಸ್ಪತ್ರೆಯ ಕಾವಲಿಗೆ ಕಟ್ಟುಮಸ್ತಾದ ಆಳೇ ಬೇಕು ಎಂಬ ನಂಬಿಕೆ ಸಾಮಾನ್ಯ. ಈ ನಂಬಿಕೆಯಿಂದ ರೋಗಿಗೂ ಪೆಟ್ಟಾಗುತ್ತದೆ, ಗಾರ್ಡ್‌ಗೂ ಪೆಟ್ಟಾಗುತ್ತದೆ.

ಕಡೂರು, ಅಜ್ಜಂಪುರಗಳು ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿವೆ. ತರೀಕೆರೆಯವರು ಬೀರೂರಿಗೆ ಬಂದರೆ ಅದೇ ಹಳಿ ಸಿಗುತ್ತದೆ. ಒಂದು ಕಡೆ ಹೋದರೆ ಬೆಂಗಳೂರಿನ ನಿಮ್ಹಾನ್ಸ್, ಇನ್ನೊಂದು ಕಡೆ ಹೋದರೆ ಧಾರವಾಡದ ಡಿಮ್ಹಾನ್ಸ್. ಆದರೆ ಕಳವಳಗೊಂಡ ರೋಗಿಯನ್ನು ಮನೆಯವರು ಮೊದಲು ಕರೆತರುವುದು ಸಾಮಾನ್ಯವಾಗಿ ಹತ್ತಿರದ ಆಸ್ಪತ್ರೆಗೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ತಪಾಸಣೆ ನಡೆಸುವ ವ್ಯವಸ್ಥೆಯೂ ಇದೆ. ಹಾಗಾಗಿ ಇದು ದೊಡ್ಡ ಆಸ್ಪತ್ರೆಗಳ ಗಾರ್ಡ್‌ಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ನಂಬಿಕೆ 1: ಮಾನಸಿಕ ರೋಗಿಗಳೆಲ್ಲ ಹೊಡೆಯುತ್ತಾರೆ

ಇದು ತಪ್ಪು. ಮಾನಸಿಕ ಕಾಯಿಲೆ ಇರುವ ಬಹುಪಾಲು ಜನ ಯಾರ ಮೇಲೂ ಕೈ ಮಾಡುವುದಿಲ್ಲ. ಗಲಾಟೆ ಮಾಡುವವರೆಲ್ಲ ಮನೋರೋಗಿಗಳೂ ಅಲ್ಲ. ರಕ್ತದಲ್ಲಿ ಸಕ್ಕರೆ ಕುಸಿದವರು ಕುಡಿದವರಂತೆ ವರ್ತಿಸಬಹುದು. ತಲೆಗೆ ಪೆಟ್ಟು ಬಿದ್ದವರು, ಜ್ವರ ನೆತ್ತಿಗೇರಿದವರು ಗೊಂದಲದಿಂದ ಕೈಕಾಲು ಬೀಸಬಹುದು. ದಿನವೂ ಹೆಚ್ಚು ಕುಡಿಯುವವರು ಇದ್ದಕ್ಕಿದ್ದಂತೆ ಬಿಟ್ಟರೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನಗಳೊಳಗೆ ನಡುಕ, ಭ್ರಮೆ ಶುರುವಾಗಬಹುದು. ಇದು ಪ್ರಾಣಕ್ಕೆ ಅಪಾಯ ತರುವ ಸ್ಥಿತಿ. ಇಂಥವರನ್ನು ಗೇಟಿನಿಂದ ಆಚೆ ತಳ್ಳಬಾರದು, ವೈದ್ಯರನ್ನು ಕರೆಯಬೇಕು.

ನಂಬಿಕೆ 2: ಹಿಡಿದು ಕಟ್ಟುವುದು ಗಾರ್ಡ್‌ನ ಕೆಲಸ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಇದಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿದೆ. ರೋಗಿಗೋ ಬೇರೆಯವರಿಗೋ ತಕ್ಷಣದ ಅಪಾಯವಿದ್ದು, ಅದನ್ನು ತಡೆಯಲು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ದೈಹಿಕ ನಿರ್ಬಂಧ ಬಳಸಬಹುದು. ಅದಕ್ಕೆ ಚಿಕಿತ್ಸೆ ನೀಡುತ್ತಿರುವ ಮನೋವೈದ್ಯರ ಅನುಮತಿ ಬೇಕು, ಕಾರಣ ದಾಖಲಾಗಬೇಕು. ಶಿಕ್ಷೆಗಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಕಡಿಮೆ ಇದ್ದಾರೆ ಎಂಬ ನೆಪವೂ ನಡೆಯುವುದಿಲ್ಲ. ಸರಪಳಿ ಹಾಕುವುದು ಮತ್ತು ಒಂಟಿಯಾಗಿ ಕೂಡಿಹಾಕುವುದು ಪೂರ್ತಿ ನಿಷಿದ್ಧ. ಕಾಯ್ದೆ ಮೀರಿದರೆ ಮೊದಲ ಸಲ ಆರು ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಅಪಾಯ ಕಾನೂನಿನದು ಮಾತ್ರವಲ್ಲ. ಬೋರಲಾಗಿ ಮಲಗಿಸಿ ಬೆನ್ನಿನ ಮೇಲೆ ಭಾರ ಹಾಕಿದರೆ ರೋಗಿ ಉಸಿರುಕಟ್ಟಿ ಸಾಯಬಹುದು. ಒಬ್ಬನೇ ಹಿಡಿಯಲು ಹೋದ ಗಾರ್ಡ್‌ಗೂ ಪೆಟ್ಟು ತಪ್ಪಿದ್ದಲ್ಲ.

ನಂಬಿಕೆ 3: ಬೀಗ ಹಾಕಿದರೆ ಎಲ್ಲರೂ ಕ್ಷೇಮ

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಖಾಸಗಿ ಆಶ್ರಯತಾಣಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಬೀಗ ಹಾಕಿದ ವಾರ್ಡಿದ್ದರೆ ಕೀಲಿ ಯಾರ ಬಳಿ ಇದೆ, ಅವರು ಊಟಕ್ಕೆ ಹೋದಾಗ ಯಾರ ಬಳಿ ಇರುತ್ತದೆ ಎಂಬುದು ಪ್ರತಿ ಪಾಳಿಯಲ್ಲೂ ಗೊತ್ತಿರಲೇಬೇಕು.

ಹಾಗಾದರೆ ಗಾರ್ಡ್ ಏನು ಮಾಡಬೇಕು?

• ಮುನ್ಸೂಚನೆ ಗಮನಿಸಿ: ಒಂದೇ ಸಮನೆ ಅತ್ತಿಂದಿತ್ತ ನಡೆಯುವುದು, ದನಿ ಏರುವುದು, ಮುಷ್ಟಿ ಬಿಗಿಯುವುದು. ಕೂಡಲೇ ನರ್ಸ್‌ಗೆ ತಿಳಿಸಿ.
• ಎರಡು ತೋಳಿನಷ್ಟು ದೂರದಲ್ಲಿ, ಸ್ವಲ್ಪ ಓರೆಯಾಗಿ ನಿಲ್ಲಿ. ನಿಮ್ಮ ದಾರಿ ತೆರೆದಿರಲಿ, ರೋಗಿಯ ದಾರಿಯನ್ನೂ ಅಡ್ಡಗಟ್ಟಬೇಡಿ.
• ಒಬ್ಬರೇ ಮಾತಾಡಿ. “ಏಯ್” ಎನ್ನಬೇಡಿ, “ಅಣ್ಣ, ಕೂತ್ಕೊಳ್ಳಿ, ನೀರು ಬೇಕಾ?” ಎನ್ನಿ. ಭ್ರಮೆಯ ಬಗ್ಗೆ ವಾದ ಬೇಡ, ನಗುವುದಂತೂ ಬೇಡವೇ ಬೇಡ.
• ಕೊರಳಿಗೆ ಹಾಕುವ ಐಡಿ ದಾರ, ಸೀಟಿಯ ಹುರಿ ಎಳೆದರೆ ಕಳಚುವಂತಿರಲಿ. ವಾರ್ಡಿನೊಳಗೆ ಲಾಠಿ ಬೇಡ. ಅದು ಭಯ ಹುಟ್ಟಿಸುತ್ತದೆ, ಕೈತಪ್ಪಿದರೆ ನಿಮ್ಮ ಮೇಲೆಯೇ ಬೀಳುತ್ತದೆ.
• ಒಂಟಿಯಾಗಿ ಮುನ್ನುಗ್ಗಬೇಡಿ. ಸಹಾಯಕ್ಕೆ ಕರೆದು, ಉಳಿದ ರೋಗಿಗಳನ್ನು ದೂರ ಕಳಿಸಿ.

ಪೆಟ್ಟಾದರೆ?

ಕಚ್ಚಿದ, ಪರಚಿದ, ಸೂಜಿ ಚುಚ್ಚಿದ ಜಾಗವನ್ನು ಸೋಪು, ನೀರಿನಿಂದ ತೊಳೆದು ತಕ್ಷಣ ವೈದ್ಯರಿಗೆ ತೋರಿಸಿ. ಎಚ್‌ಐವಿ ಸೋಂಕಿನ ಅಪಾಯವಿದೆ ಎಂದು ವೈದ್ಯರಿಗೆ ಅನಿಸಿದರೆ ತಡೆ ಔಷಧಿಯನ್ನು ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಆರಂಭಿಸಬೇಕು. ಕೆಲಸಕ್ಕೆ ಸೇರುವಾಗಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಗಾಯ ಸಣ್ಣದಾದರೂ ಆಸ್ಪತ್ರೆಯ ದಾಖಲೆಯಲ್ಲಿ ಬರೆಸಿ. ಇಎಸ್‌ಐ ಇದ್ದವರು ಕೆಲಸದಲ್ಲಿ ಗಾಯಗೊಂಡು ರಜೆ ಹಾಕಬೇಕಾದರೆ ಪರಿಹಾರ ಕೇಳುವಾಗ ಈ ದಾಖಲೆ ನೆರವಾಗುತ್ತದೆ.

ಹೊಣೆ ಯಾರದು?

ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ, 2005ರ ಪ್ರಕಾರ ಗಾರ್ಡ್‌ಗಳಿಗೆ ತರಬೇತಿ ಕಡ್ಡಾಯ. ಕೇಂದ್ರದ ಮಾದರಿ ನಿಯಮಗಳು 100 ಗಂಟೆ ಪಾಠ, 60 ಗಂಟೆ ಪ್ರಾಯೋಗಿಕ ತರಬೇತಿ ಎನ್ನುತ್ತವೆ. ಬೆಂಕಿ ನಂದಿಸುವುದು, ಜನಸಂದಣಿ ನಿಯಂತ್ರಣ, ಪ್ರಥಮ ಚಿಕಿತ್ಸೆ ಅದರಲ್ಲಿವೆ. ರೋಗಿಯನ್ನು ಮಾತಿನಿಂದ ಸಮಾಧಾನಪಡಿಸುವುದು ಹೇಗೆ, ಯಾವಾಗ ಮುಟ್ಟಬಾರದು ಎಂಬುದನ್ನು ಆಸ್ಪತ್ರೆಯೇ ಕಲಿಸಬೇಕು. ಗಾರ್ಡ್ ಏಜೆನ್ಸಿಯವರಿರಬಹುದು, ಆದರೆ ಅವರು ನಿಂತಿರುವುದು ಆಸ್ಪತ್ರೆಯ ಬಾಗಿಲಲ್ಲಿ.

ಘಟನೆಯ ನಂತರ ನಿದ್ದೆ ಬಾರದಿದ್ದರೆ, ಕೆಲಸಕ್ಕೆ ಹೋಗಲು ಭಯವಾದರೆ ಅದು ಹೇಡಿತನವಲ್ಲ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಅದು ರೋಗಿಗಳಿಗೆ ಮಾತ್ರವಲ್ಲ, ಕಾವಲು ನಿಂತವರಿಗೂ ಇದೆ.