ನಾಯಿ ಪಾಠ, ಭಾಗ 4: 'ಆಲ್ಫಾ' ಅನ್ನೋ ಹಳೇ ತಪ್ಪು

ಮರಿ ಕಚ್ಚಿದ್ರೆ ಅಂಗಾತ ಕೆಡವಿ ಒತ್ತಿ ಹಿಡೀರಿ, ಯಜಮಾನ ಯಾರು ಅಂತ ತೋರಿಸಿ. ಈ ಸಲಹೆ ನೀವೂ ಕೇಳಿರ್ತೀರ. ಎಲ್ಲಿಂದ ಬಂತು ಗೊತ್ತಾ?

1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳ ಬಗ್ಗೆ ಬರೆದರು. ಕೂಡಿಹಾಕಿದ ತೋಳಗಳು, ಮೇಲುಗೈಗಾಗಿ ಕಿತ್ತಾಡ್ತಿದ್ವು. 1970ರಲ್ಲಿ ಅಮೆರಿಕದ ಡೇವಿಡ್ ಮೀಚ್ ಅವರ ಪುಸ್ತಕದಿಂದ 'ಆಲ್ಫಾ' ಪದ ಎಲ್ಲರ ಬಾಯಿಗೆ ಬಂತು. ತೋಳ ಹೀಗಾದ್ರೆ ನಾಯೀನೂ ಹೀಗೇ ಅಂತ ಜನ ನಂಬಿದ್ರು. 1978ರಲ್ಲಿ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳ ಪುಸ್ತಕ ಆ ಅಂಗಾತ ಕೆಡವೋ ಪಾಠವನ್ನ ಮನೆಮನೆಗೆ ಮುಟ್ಟಿಸಿತು. (ಹೌದು, ಜರ್ಮನ್ ಶೆಫರ್ಡ್ ಸಾಕೋ ಸನ್ಯಾಸಿಗಳು!) ಆಮೇಲೆ ಅವರೇ ಅದನ್ನ ಕೈಬಿಟ್ಟರು.

ಮೀಚ್ ಕೆನಡಾದ ಎಲ್ಸ್‌ಮೀರ್ ದ್ವೀಪದಲ್ಲಿ 13 ಬೇಸಿಗೆ ಕಾಡುತೋಳಗಳನ್ನ ನೋಡಿದರು. ಕಂಡಿದ್ದು ಅಪ್ಪ, ಅಮ್ಮ, ಮಕ್ಕಳು. ಒಂದು ಸಂಸಾರ ಅಷ್ಟೇ. 1999ರಲ್ಲಿ ಅದನ್ನ ಬರೆದು ತಿದ್ದಿದರು. ತಮ್ಮದೇ ಹಳೇ ಪುಸ್ತಕದ ಮುದ್ರಣ ನಿಲ್ಲಿಸಿ ಅಂತ ಪ್ರಕಾಶಕರನ್ನ ವರ್ಷಗಟ್ಟಲೆ ಕೇಳಿಕೊಂಡರು.

ಮರಿ ಕಚ್ಚಿದ್ರೆ ಆಟ ಅಲ್ಲೇ ನಿಲ್ಲಿಸಿ. ಕೈ ಬದಲು ಆಟಿಕೆ ಕೊಡಿ, ಅದನ್ನ ಕಚ್ಚಿದಾಗ ಶಭಾಷ್ ಅನ್ನಿ. ದಿನಾ, ಮನೇಲಿರೋ ಎಲ್ಲರೂ.

ನಾನೂ ನಮ್ಮ ಮರೀನ ಎರಡು ಸಲ ಒತ್ತಿ ಹಿಡಿದಿದ್ದೆ. ಆಮೇಲೆ ಒಂದು ವಾರ, ನಾನು ಕೈ ಎತ್ತಿದ್ರೆ ಸಾಕು, ಅದು ಮಂಚದ ಕೆಳಗೆ.