ಅನಿಲ ಮಾಪಕಗಳ ತಪಾಸಣೆ
ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ ಪ್ರಮಾಣ ತೋರಿಸುವ ಮೀಟರ್‌ಗಳ ನಿಖರತೆಯನ್ನು ಕಾಲಕಾಲಕ್ಕೆ ಒರೆಗೆ ಹಚ್ಚುವ ಕೆಲಸ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಅಡುಗೆಮನೆಗೆ ಹೆಚ್ಚು ಪರಿಚಿತವಾದದ್ದು 14.2 ಕೆ.ಜಿ. ಸಿಲಿಂಡರ್; ಅದನ್ನು ತಕ್ಕಡಿಯಲ್ಲಿ ತೂಗಿದರೆ ಸಾಕು. ಕೊಳವೆ ಅನಿಲಕ್ಕೆ ಅಳತೆ ಘನಮೀಟರಿನಲ್ಲಿ.

ಮನೆ ಮೀಟರ್‌ನೊಳಗೆ ಪೊರೆಗಳು ಸರದಿಯಂತೆ ಉಬ್ಬಿ ಕುಗ್ಗುತ್ತ ಅಂಕಿಗಳನ್ನು ತಿರುಗಿಸುತ್ತವೆ. ಪರೀಕ್ಷೆಯಲ್ಲಿ ಅದರ ಲೆಕ್ಕವನ್ನು ಪ್ರಮಾಣಿತ ಮಾಪಕದೊಂದಿಗೆ ಬೇರೆ ಬೇರೆ ಹರಿವುಗಳಲ್ಲಿ ಹೋಲಿಸುತ್ತಾರೆ. ಅಂತರರಾಷ್ಟ್ರೀಯ ಮಾನದಂಡದಂತೆ 1.5 ದರ್ಜೆಯ ಹೊಸ ಮೀಟರ್‌ಗೆ ಹೆಚ್ಚಿನ ಹರಿವಿನಲ್ಲಿ ಶೇ. 1.5, ತೀರ ಕಡಿಮೆ ಹರಿವಿನಲ್ಲಿ ಶೇ. 3 ತಪ್ಪು ಸಮ್ಮತ. ಬಳಕೆಯಲ್ಲಿರುವುದಕ್ಕೆ ಇದರ ಇಮ್ಮಡಿ. ಒಳಗಿನ ಕವಾಟ ಸವೆದು ಸೋರಿದರೆ ಸಣ್ಣ ಉರಿಯ ಅನಿಲ ಲೆಕ್ಕಕ್ಕೇ ಸಿಗುವುದಿಲ್ಲ. ಆಗ ನಷ್ಟ ಕಂಪನಿಯದು, ದೂರು ಯಾರದೂ ಇರುವುದಿಲ್ಲ!

ಈ ಸೀಮೆಯಲ್ಲಿ ನಿಜವಾದ ತೊಡಕು ಯಂತ್ರದ್ದಲ್ಲ, ಹವೆಯದು. ಪ್ರಮಾಣಿತ ಘನಮೀಟರನ್ನು 15 ಡಿಗ್ರಿ ಸೆಲ್ಸಿಯಸ್, ಸಮುದ್ರಮಟ್ಟದ ಒತ್ತಡಕ್ಕೆ ನಿಗದಿ ಮಾಡಲಾಗಿದೆ. ಬಾಗಲಕೋಟೆ ಇರುವುದು ಸುಮಾರು 530 ಮೀಟರ್ ಎತ್ತರದಲ್ಲಿ. ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅಂಥ ಮಧ್ಯಾಹ್ನ, ತಿದ್ದುಪಡಿ ಇಲ್ಲದ ಮೀಟರ್ ತೋರಿಸುವ ಒಂದು ಘನಮೀಟರಿನಲ್ಲಿ ಸರಿಸುಮಾರು 0.88 ಪ್ರಮಾಣಿತ ಘನಮೀಟರಿನಷ್ಟೇ ಅನಿಲ ಇರುತ್ತದೆ. ದೊಡ್ಡ ಗ್ರಾಹಕರ ಮಾಪಕಗಳಿಗೆ ಒತ್ತಡ, ಉಷ್ಣತೆ ಸರಿದೂಗಿಸುವ ಸಾಧನ ಜೋಡಿಸುವುದು ಇದಕ್ಕೇ. ವ್ಯಾಪಾರಕ್ಕೆ ಬಳಸುವ ತೂಕ, ಅಳತೆಗಳ ಪರಿಶೀಲನೆ ಮತ್ತು ಮುದ್ರೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಸೇರುತ್ತವೆ.