ಕೊಂಗುನಾಡಿನ ಸ್ಟುಡಿಯೋ ಯುಗ: ಉಡುಮಲೈಪೇಟೆಯ ಕವಿಯಿಂದ ‘ಬೆಟ್ಟದ ಕಳ್ಳ’ನವರೆಗೆ

ಇಂದು ತಿರುಪ್ಪೂರು ಜಿಲ್ಲೆಗೆ ಸೇರಿರುವ ಉಡುಮಲೈಪೇಟೆ 2009ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಯವರೆಗೆ ಮೈಸೂರಿನ ಆಳ್ವಿಕೆಯನ್ನು ಕಂಡ ಈ ಕೊಂಗು ಸೀಮೆಯಲ್ಲಿ ದೇವಾಂಗ ನೇಕಾರರೂ ಒಕ್ಕಲಿಗರೂ ಸೇರಿದಂತೆ ಕನ್ನಡ ಮನೆಮಾತಿನ ಅನೇಕ ಕುಲಗಳು ತಲೆಮಾರುಗಳಿಂದ ನೆಲೆಸಿವೆ. ಕೊಳ್ಳೇಗಾಲವು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ರಾಜ್‌ಕುಮಾರ್ ಅವರ ಊರಾದ ಗಾಜನೂರನ್ನು ಒಳಗೊಂಡ ತಾಳವಾಡಿ ಸೀಮೆಯೂ ಆಗ ಆ ಜಿಲ್ಲೆಯ ಭಾಗವೇ ಆಗಿತ್ತು. ಆದರೂ ಕನ್ನಡ ಚಿತ್ರರಂಗದ ಆರಂಭಕಾಲವನ್ನು ಬೆಂಗಳೂರು, ಮೈಸೂರು ಮತ್ತು ಮದರಾಸುಗಳ ಕತೆಯಾಗಿ ಹೇಳುವುದೇ ರೂಢಿಯಾಗಿದ್ದು, ದಕ್ಷಿಣದ ಚಿತ್ರನಿರ್ದೇಶಕನ ವೃತ್ತಿ ರೂಪುಗೊಂಡ ನೆಲೆಗಳಲ್ಲಿ ಒಂದಾದ ಕೊಯಮತ್ತೂರಿಗೆ ಅದರಲ್ಲಿ ಸಲ್ಲಬೇಕಾದ ಸ್ಥಾನ ಸಿಕ್ಕಿಲ್ಲ.

ಕೊಯಮತ್ತೂರಿನಲ್ಲಿ ಸಿನಿಮಾ ಬೇರೂರಲು ಹತ್ತಿಯೂ ವಿದ್ಯುತ್ತೂ ಕಾರಣವಾದವು. ರೈಲ್ವೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ಸಾಮಿಕ್ಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚನೊಬ್ಬನಿಂದ ಪ್ರೊಜೆಕ್ಟರ್ ಕೊಂಡು ಊರೂರಿನಲ್ಲಿ ಡೇರೆ ಹಾಕಿ ಚಿತ್ರ ತೋರಿಸುತ್ತ, ಕೊನೆಗೆ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಕಾಯಂ ಚಿತ್ರಮಂದಿರವನ್ನು ಕಟ್ಟಿದರು. 1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ ಬಯಲಿಗೆ ಇಳಿದ ಮೇಲೆ ಹತ್ತಿ ಗಿರಣಿಗಳು ಹೆಚ್ಚಿದವು, ಗಿರಣಿಗಳಿಂದ ಬಂದ ಹಣದಲ್ಲಿ ಒಂದು ಪಾಲು ಚಿತ್ರೋದ್ಯಮಕ್ಕೆ ಹರಿಯಿತು. ಆ ದಶಕದಲ್ಲಿ ಸ್ಥಾಪನೆಯಾದ ಸೆಂಟ್ರಲ್ ಸ್ಟುಡಿಯೋಸ್ ಆ ಹಣದ ದೊಡ್ಡ ಫಲ. ಅದರ ‘ತುಕಾರಾಂ’ 1938ರಲ್ಲಿ ತೆರೆಕಂಡಿತು.

ಅಂದಿನ ಸ್ಟುಡಿಯೋ ಎಂದರೆ ಬಾಡಿಗೆಗೆ ಸಿಗುವ ಜಾಗ ಮಾತ್ರವಲ್ಲ. ಚಿತ್ರೀಕರಣ ನಡೆಯುವ ಫ್ಲೋರ್, ಲ್ಯಾಬೊರೇಟರಿ, ಸಂಗೀತ ವಿಭಾಗ, ಬರಹಗಾರರ ತಂಡ ಎಲ್ಲವೂ ಒಂದೇ ಆವರಣದಲ್ಲಿದ್ದು, ತಂತ್ರಜ್ಞರೂ ಅನೇಕ ನಟರೂ ತಿಂಗಳ ಸಂಬಳಕ್ಕೆ ದುಡಿಯುತ್ತಿದ್ದ ಕಾರ್ಖಾನೆ ಅದು. ಅಲ್ಲಿ ದೃಶ್ಯಗಳ ಕ್ರಮವನ್ನು ಹೊಂದಿಸುವ ಚಿತ್ರಕಥೆ, ಪಾತ್ರಗಳ ಬಾಯಿಗೆ ಮಾತು ಕೊಡುವ ಸಂಭಾಷಣೆ, ಹಾಡು ಈ ಮೂರೂ ಬೇರೆ ಬೇರೆ ಕೈಗಳಲ್ಲಿದ್ದುದರಿಂದ ಅವನ್ನೆಲ್ಲ ಒಂದು ಕತೆಯಾಗಿ ಹೆಣೆಯುವುದು ನಿರ್ದೇಶಕನ ಮುಖ್ಯ ಕೆಲಸವಾಯಿತು. ಜ್ಯೂಪಿಟರ್ ಪಿಕ್ಚರ್ಸ್ ಸೆಂಟ್ರಲ್‌ನಲ್ಲಿ ತಯಾರಿಸಿದ ‘ರಾಜಕುಮಾರಿ’ಯಲ್ಲಿ (1947) ಎ. ಎಸ್. ಎ. ಸಾಮಿ ನಿರ್ದೇಶಕರಾಗಿದ್ದರೆ, ಎಂ. ಜಿ. ರಾಮಚಂದ್ರನ್ ಮೊದಲ ಬಾರಿಗೆ ನಾಯಕನ ಪಾತ್ರ ವಹಿಸಿದರು, ಮು. ಕರುಣಾನಿಧಿ ಸಂಭಾಷಣೆಗೆ ಕೈಜೋಡಿಸಿದರು.

ಈ ಕಾರ್ಖಾನೆಯಲ್ಲಿ ಹೆಸರು ಮಾಡಿದವರಲ್ಲಿ ಮಂಗಳೂರಿನ ಸುಂದರರಾವ್ ನಾಡಕರ್ಣಿಯವರೂ ಒಬ್ಬರು. ಎಂ. ಕೆ. ತ್ಯಾಗರಾಜ ಭಾಗವತರ್ ನಟಿಸಿ, ಇಳಂಗೋವನ್ ಸಂಭಾಷಣೆ ಬರೆದು, ಪಾಪನಾಶಂ ಶಿವನ್ ಹಾಡುಗಳನ್ನು ರಚಿಸಿದ ‘ಹರಿದಾಸ್’ ಚಿತ್ರವನ್ನು ಅವರು ಸೆಂಟ್ರಲ್‌ನಲ್ಲಿ ನಿರ್ದೇಶಿಸಿದರು. 1944ರ ದೀಪಾವಳಿಗೆ ಬಿಡುಗಡೆಯಾದ ಅದು ಮದರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಒಟ್ಟು ಮೂರು ದೀಪಾವಳಿಗಳನ್ನು ಕಂಡಿತು. ಸಂತಚರಿತ್ರೆಯನ್ನು ಹಾಡುಗಳ ಬಲದ ಮೇಲೆ ನಡೆಸುವ ಆ ಕೌಶಲವನ್ನೇ ಅವರು 1963ರಲ್ಲಿ ರಾಜ್‌ಕುಮಾರ್ ಅಭಿನಯದ ಕನ್ನಡ ‘ಸಂತ ತುಕಾರಾಂ’ನಲ್ಲಿ ಬಳಸಿದರು.

ಉಡುಮಲೈಪೇಟೆ ಈ ಉದ್ಯಮಕ್ಕೆ ಕೊಟ್ಟದ್ದು ಒಬ್ಬ ಗೀತರಚನಕಾರನನ್ನು. ತಾಲ್ಲೂಕಿನ ಪೂಳವಾಡಿಯಲ್ಲಿ 1899ರಲ್ಲಿ ಹುಟ್ಟಿದ ನಾರಾಯಣಕವಿ, ಊರಿನ ಮುತ್ತುಸಾಮಿ ಕವಿರಾಯರ ಬಳಿ ಶಿಷ್ಯವೃತ್ತಿ ಮಾಡಿ, ನಾಟಕ ಕಂಪನಿಗಳಿಗೆ ಪದ ಕಟ್ಟುತ್ತ ಸಿನಿಮಾಕ್ಕೆ ಬಂದರು. ಕಂಪನಿ ನಾಟಕದ ಕವಿಗೆ ಎರಡು ಕೆಲಸಗಳು ಚೆನ್ನಾಗಿ ಬರಬೇಕಿತ್ತು: ಸಿದ್ಧವಾಗಿರುವ ಮಟ್ಟಿಗೆ ಮಾತ್ರೆ ತಪ್ಪದಂತೆ ಪದ ಕೂಡಿಸುವುದು, ಸಭೆಯ ಹಿಂದಿನ ಸಾಲಿನಲ್ಲಿ ಕೂತವನಿಗೂ ಒಂದೇ ಕೇಳುವಿಕೆಯಲ್ಲಿ ಅರ್ಥ ತಲುಪಿಸುವುದು. ಈ ಪಳಗಿದ ಕೈ ಹಾಸ್ಯನಟ ಎನ್. ಎಸ್. ಕೃಷ್ಣನ್ ಅವರ ಜೊತೆಗೂಡಿ, ಜಾತಿಮತಗಳ ಕಂದಾಚಾರವನ್ನು ಕುಟುಕುವ ಹಾಡುಗಳನ್ನು ತೆರೆಗೆ ತಂದಿತು. ಸಿ. ಎನ್. ಅಣ್ಣಾದುರೈ ಕತೆ ಮತ್ತು ಸಂಭಾಷಣೆ ಬರೆದ ‘ವೇಲೈಕ್ಕಾರಿ’ (1949), ಅನಂತರ ‘ಪರಾಶಕ್ತಿ’ (1952) ಚಿತ್ರಗಳಿಗೆ ಬರೆದ ನಾರಾಯಣಕವಿಯವರನ್ನು ತಮಿಳರು ವಿಚಾರವಾದಿ ಕವಿಯೆಂದೇ ಗೌರವಿಸಿದರು. ಅವರು 1981ರಲ್ಲಿ ತೀರಿಕೊಂಡರು; ಉಡುಮಲೈಪೇಟೆಯಲ್ಲಿ ತಮಿಳುನಾಡು ಸರ್ಕಾರ ಕಟ್ಟಿಸಿದ ಸ್ಮಾರಕ ಮಂಟಪವಿದೆ, 2008ರಲ್ಲಿ ಅಂಚೆ ಇಲಾಖೆ ಅವರ ಅಂಚೆಚೀಟಿಯನ್ನು ಹೊರತಂದಿತು.

ಒಂದೇ ಕತೆಯನ್ನು ಹಲವು ಭಾಷೆಗಳಲ್ಲಿ ಚಿತ್ರಿಸುವ ಪದ್ಧತಿಯನ್ನು ತುದಿಗೆ ಒಯ್ದವರು, ಕೊಯಮತ್ತೂರಿನಲ್ಲಿ ಪಕ್ಷಿರಾಜ ಸ್ಟುಡಿಯೋ ನಡೆಸಿದ ಎಸ್. ಎಂ. ಶ್ರೀರಾಮುಲು ನಾಯ್ಡು. ನಾಮಕ್ಕಲ್ ಕವಿ ರಾಮಲಿಂಗಂ ಪಿಳ್ಳೆಯವರ ಕಾದಂಬರಿಯನ್ನು ಆಧರಿಸಿ, ಕರುಣಾನಿಧಿಯವರ ಸಂಭಾಷಣೆಯೊಂದಿಗೆ ಅವರು ನಿರ್ದೇಶಿಸಿದ ‘ಮಲೈಕ್ಕಳ್ಳನ್’ (1954) ತಮಿಳಿಗೆ ರಾಷ್ಟ್ರಪತಿಗಳ ಬೆಳ್ಳಿ ಪದಕ ತಂದಿತು. ಅದೇ ಕತೆ ತೆಲುಗಿನಲ್ಲಿ ‘ಅಗ್ಗಿ ರಾಮುಡು’, ಹಿಂದಿಯಲ್ಲಿ ದಿಲೀಪ್ ಕುಮಾರ್ ಮತ್ತು ಮೀನಾ ಕುಮಾರಿ ನಟಿಸಿದ ‘ಆಜಾದ್’ (1955), ಮಲಯಾಳದಲ್ಲಿ ‘ತಸ್ಕರವೀರನ್’, ಕನ್ನಡದಲ್ಲಿ ಕಲ್ಯಾಣ್ ಕುಮಾರ್ ಮತ್ತು ಮೈನಾವತಿ ನಟಿಸಿದ ‘ಬೆಟ್ಟದ ಕಳ್ಳ’ (1957) ಆಯಿತು. ಇದು ಡಬ್ಬಿಂಗ್ ಅಲ್ಲ, ಅಂದರೆ ಒಂದು ಭಾಷೆಯ ಚಿತ್ರಕ್ಕೆ ಬೇರೆ ಭಾಷೆಯ ದನಿ ಅಂಟಿಸಿದ್ದಲ್ಲ. ಚಿತ್ರಕಥೆಯ ಹಂದರವನ್ನು ಉಳಿಸಿಕೊಂಡು ನಟವರ್ಗವನ್ನೂ ಮಾತನ್ನೂ ಬದಲಿಸಿ ಪ್ರತಿ ಸಲವೂ ಹೊಸದಾಗಿ ಚಿತ್ರಿಸುವ ಕ್ರಮ. ಇದರಿಂದ ಹಣ ಹೂಡುವವರ ಅಪಾಯ ಕಡಿಮೆಯಾಯಿತು, ಚಿಕ್ಕ ಮಾರುಕಟ್ಟೆಯಿದ್ದ ಕನ್ನಡಕ್ಕೆ ದೊಡ್ಡ ಸ್ಟುಡಿಯೋದ ತಾಂತ್ರಿಕ ಸೌಲಭ್ಯ ದೊರೆಯಿತು. ಆದರೆ ಕತೆಯ ಆಯ್ಕೆ ಮಾತ್ರ ಕನ್ನಡದವರ ಕೈಯಲ್ಲಿ ಇರಲಿಲ್ಲ.

1950ರ ದಶಕದಲ್ಲಿ ಜ್ಯೂಪಿಟರ್ ಮದರಾಸಿಗೆ ಹೋಯಿತು, ಕಲಾವಿದರೂ ಹಂಚಿಕೆದಾರರೂ ಅಲ್ಲಿಯೇ ನೆಲೆ ನಿಂತರು, ಶ್ರೀರಾಮುಲು ನಾಯ್ಡು ಅವರೂ ಕಾಲಕ್ರಮೇಣ ಬೆಂಗಳೂರಿನ ಕಡೆ ತಿರುಗಿದರು. ಕೊಯಮತ್ತೂರಿನ ಸ್ಟುಡಿಯೋಗಳು ಒಂದೊಂದಾಗಿ ಮುಚ್ಚಿದವು. ಕ್ಯಾಮೆರಾ ಸ್ಟುಡಿಯೋದ ಗೋಡೆ ದಾಟಿ ಹೊರಾಂಗಣಕ್ಕೆ ಬಂದ ಮೇಲೆ ಪೊಳ್ಳಾಚಿ ಮತ್ತು ಉಡುಮಲೈಪೇಟೆಗಳ ತೆಂಗಿನ ತೋಟ, ಆನೆಮಲೆಯ ತಪ್ಪಲುಗಳಿಗೆ ಬೇಡಿಕೆ ಬಂತು. ಹೀಗೆ ಒಂದು ಕಾಲಕ್ಕೆ ನಿರ್ದೇಶಕರನ್ನೂ ಕವಿಗಳನ್ನೂ ಬೆಳೆಸಿದ್ದ ಸೀಮೆ ಈಗ ಮುಖ್ಯವಾಗಿ ಚಿತ್ರೀಕರಣದ ಸ್ಥಳವಾಗಿ ಉಳಿದಿದೆ. ಕನ್ನಡ ಚಿತ್ರದ ಇತಿಹಾಸವನ್ನು ಬರೆಯುವವರು ರಾಜ್ಯದ ಇಂದಿನ ಗಡಿಯನ್ನು ಅಳತೆಗೋಲಾಗಿ ಇಟ್ಟುಕೊಂಡರೆ ನಾಡಕರ್ಣಿಯವರ ವೃತ್ತಿಜೀವನದ ಒಂದು ಭಾಗವೂ ‘ಬೆಟ್ಟದ ಕಳ್ಳ’ದ ಹುಟ್ಟೂ ಅದರಿಂದ ಹೊರಗುಳಿಯುತ್ತವೆ, ಕೊಯಮತ್ತೂರನ್ನು ಸೇರಿಸಿಕೊಳ್ಳದ ಆ ಇತಿಹಾಸ ಪೂರ್ಣವೆನಿಸಲಾರದು.